ಆಕೆಯ ಪಕ್ಕದ ಸೀಟು

ಡಿಸೆಂಬರ್ ಹದಿನೆಂಟು

ಮಗಳಿಗೆ ತಂದೆಯು ಆಶೀರ್ವಾದಪೂರ್ವಕವಾಗಿ ಸಲ್ಲಿಸುವ ಅರಿಕೆ.

೧. ಅರ್ಜಿದಾರ: ನಿನ್ನ ತಂದೆ. ವಕೀಲರ ಕಚೇರಿಯಲ್ಲಿ ಅರ್ಜಿಗಳ ನಕಲುಗಾರ. ನಿವೃತ್ತನಾದರೂ ಕರಡು ತಿದ್ದಲು ಇನ್ನೂ ಕರೆಸಿಕೊಳ್ಳಲಾಗುತ್ತಿರುವವನು.

೨. ಎದುರುದಾರಳು: ನೀನು. ಸದರಿ ಅರ್ಜಿದಾರನ ಒಬ್ಬಳೇ ಮಗಳು.

೩. ಸಂಬಂಧಪಟ್ಟ ಮೂರನೆಯವರು: ಆಸ್ಪತ್ರೆಯ ಶವಾಗಾರದಲ್ಲಿ ರಾತ್ರಿ ಪಾಳಿಯ ಸಹಾಯಕಿ. ಅರ್ಜಿದಾರನೊಂದಿಗಿನ ಸಂಬಂಧ: ಸಹಪ್ರಯಾಣಿಕರು.

೪. ಕೋರಿಕೆ: ಕ್ರಿಸ್ಮಸ್ ದಿನದ ಊಟಕ್ಕೆ ಆಕೆ ನಮ್ಮ ಮನೆಗೆ ಬರಲು ನಿನ್ನ ಒಪ್ಪಿಗೆ.

ಭಾನುವಾರ ಫೋನಿನಲ್ಲಿ ನೀನು, "ಅಪ್ಪಾ, ಹೆಣ ತೊಳೆಯೋ ಕೈ ಅದು. ಆ ಕೈಯಿಂದ ನನ್ನ ಮಕ್ಕಳು ಕೇಕ್ ತಿನ್ನಬೇಕಾ? ಅವರು ಬರೋದಾದ್ರೆ ನಾವು ಬರಲ್ಲ" ಎಂದು ಹೇಳಿ ಇಟ್ಟುಬಿಟ್ಟೆ. ಫೋನಿನಲ್ಲಿ ನನಗೆ ವಾದ ಬಾರದು. ಬರವಣಿಗೆಯಲ್ಲಿ ಮಾತ್ರ ನಾನು ಯಾರಿಗೂ ಸೋತವನಲ್ಲ. ಆದ್ದರಿಂದ ಸಂಗತಿಗಳನ್ನು ಕ್ರಮವಾಗಿ ನಿವೇದಿಸುತ್ತಿದ್ದೇನೆ.

ನಿನ್ನ ತಾಯಿ ತೀರಿಕೊಂಡ ಮೇಲೆ, ಮನೆಯಲ್ಲಿ ಒಂದೇ ಲೋಟ ತೊಳೆಯುವ ಸದ್ದನ್ನು ಕೇಳಲಾರದೆ ನಾನು ಕಚೇರಿಗೆ ಮರಳಿದ್ದು ನಿನಗೆ ಗೊತ್ತು. ಬೆಳಗಿನ ರೈಲಿನಲ್ಲಿ ಜನ ಬಾಗಿಲಿಗೆ ಜೋತುಬೀಳುವಷ್ಟು ನೂಕುನುಗ್ಗಲು. ಆದರೆ ತಲೆತುಂಬ ಕಂದು ಶಾಲು ಹೊದ್ದು ಕಿಟಕಿಯ ಬಳಿ ಕೂರುವ ಹೆಂಗಸೊಬ್ಬರ ಪಕ್ಕದ ಸೀಟು ಮಾತ್ರ ದಿನವೂ ಖಾಲಿ. ಇದು ತನ್ನ ವಯಸ್ಸಿಗೂ ಇಸ್ತ್ರಿ ಹಾಕಿದ ಕೋಟಿಗೂ ಸಾರ್ವಜನಿಕರು ತೋರುತ್ತಿರುವ ಗೌರವವೆಂದು ಅರ್ಜಿದಾರನು ಭಾವಿಸಿದನು. ಕೂರುವ ಮುನ್ನ ಸುತ್ತಲಿನವರಿಗೆ ತಲೆಬಾಗಿ ವಂದನೆಯನ್ನೂ ಸಲ್ಲಿಸುತ್ತಿದ್ದನು. ಯಾರೂ ಪ್ರತಿವಂದಿಸಲಿಲ್ಲ. ಈಗಿನವರಿಗೆ ಅಷ್ಟು ತಿಳಿಯದು ಎಂದುಕೊಂಡೆ.

ಆಕೆ ರಾತ್ರಿಯ ಕೆಲಸ ಮುಗಿಸಿ ಮನೆಗೆ ಹೋಗುವವರು. ರೈಲು ವೇಗ ಹಿಡಿಯುವಷ್ಟರಲ್ಲಿ ನಿದ್ದೆ. ತಲೆ ನನ್ನ ಹೆಗಲ ಮೇಲೆ. ಎಬ್ಬಿಸುವುದು ಶಿಷ್ಟಾಚಾರವೋ ಎಬ್ಬಿಸದಿರುವುದೋ ಎಂದು ಯೋಚಿಸುತ್ತಿರುವಾಗಲೇ ನನ್ನ ನಿಲ್ದಾಣ ದಾಟಿಹೋಯಿತು. ಕೊನೆಯ ನಿಲ್ದಾಣದಲ್ಲಿ ಕಣ್ಣುಬಿಟ್ಟ ಆಕೆ, ನೀವು ಇಲ್ಲಿ ಇಳಿಯುವವರೇ ಎಂದು ಕೇಳಿದರು. ಅಲ್ಲವೆಂದೆ. "ಹೆಗಲು ಕಳಚಿಟ್ಟು ಇಳಿಯೋಕೆ ಆಗ್ಲಿಲ್ವಾ ಮತ್ತೆ?" ಎಂದು ನಕ್ಕರು. ನಿನ್ನ ತಾಯಿ ಹೋದ ಮೇಲೆ ನಾನು ಮೊದಲು ನಕ್ಕದ್ದು ಅಂದು.

ಆಕೆಯ ಕೆಲಸವೇನೆಂದು ತಿಳಿಸಿದವನು ಟಿಕೆಟ್ ಪರೀಕ್ಷಕ. ಬದಿಗೆ ಕರೆದು, "ಹಿರಿಯರು, ಹೇಳ್ಬೇಕು ಅನ್ನಿಸ್ತು. ಆಯಮ್ಮ ಹೆಣ ತೊಳೆಯೋರು. ಅದಕ್ಕೇ ಅಲ್ಲಿ ಯಾರೂ ಕೂರಲ್ಲ" ಎಂದ. ಆ ಸಂಜೆ ನಾನು ಕೋಟಿನ ಹೆಗಲನ್ನು ಸೋಪು ಹಾಕಿ ಉಜ್ಜಿದೆ. ಮರುದಿನ ಬೇರೆ ಬೋಗಿ ಹತ್ತಿದೆ. ಅಲ್ಲಿ ಯಾರೂ ನನಗೆ ಸೀಟು ಬಿಡಲಿಲ್ಲ. ನನ್ನ ವಯಸ್ಸಿಗಾಗಲಿ ಕೋಟಿಗಾಗಲಿ ಅಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ವಾರದೊಳಗೆ ಮಂಡಿ ಊದಿತು. ಹಿಂತಿರುಗಿ ಆಕೆಯ ಎದುರು ನಿಂತಾಗ, ಕಿಟಕಿಯಿಂದ ಮುಖ ತಿರುಗಿಸದೆಯೇ, "ಸೋತಿದ್ದು ಮನಸ್ಸಾ, ಮಂಡೀನಾ?" ಎಂದು ಕೇಳಿದರು. ಮಂಡಿ ಎಂದೆ. "ನಿಜ ಹೇಳಿದ್ರಲ್ಲ, ಕೂತ್ಕೊಳ್ಳಿ" ಎಂದರು. ಆದರೆ ಅಂದಿನಿಂದ ಎಷ್ಟೇ ದಣಿದಿದ್ದರೂ ಆಕೆ ತಲೆಯನ್ನು ಕಿಟಕಿಯ ಕಂಬಿಗೆ ಒರಗಿಸುತ್ತಾರೆ. ನನ್ನ ಹೆಗಲಿಗಲ್ಲ.

ಈ ತಿಂಗಳ ಆರಂಭದಲ್ಲಿ ಆಸ್ಪತ್ರೆಯ ಎಲ್ಲ ವಾರ್ಡುಗಳ ಬಾಗಿಲಿಗೂ ಕಾಗದದ ನಕ್ಷತ್ರ ಕಟ್ಟಿದರಂತೆ. "ನಮ್ಮ ಬಾಗಿಲಿಗೆ ಯಾರು ಕಟ್ತಾರೆ? ನಮ್ಮಲ್ಲಿರೋರು ಎದ್ದು ನೋಡೋರಾ?" ಎಂದರು. ಮರುದಿನ ನಾನೊಂದು ನಕ್ಷತ್ರ ಕೊಂಡು, ನೂಕುನುಗ್ಗಲಲ್ಲಿ ಎದೆಗವಚಿಕೊಂಡು ಕಾಪಾಡಿ, ಕೊನೆಗೆ ಅದರ ಮೇಲೆಯೇ ಕುಳಿತೆ. ಚಪ್ಪಟೆಯಾದ ಅದನ್ನೇ ಆಕೆ ಶವಾಗಾರದ ಬಾಗಿಲಿಗೆ ಕಟ್ಟಿದ್ದಾರೆ. ಊಟಕ್ಕೆ ಕರೆದದ್ದು ಅಂದೇ. "ನಿಮ್ಮ ಮಗಳು ಒಪ್ಪಿದ್ರೆ ಬರ್ತೀನಿ. ಇಲ್ದಿದ್ರೆ ಒಂದು ಚೂರು ಕೇಕ್ ಕಾಗದದಲ್ಲಿ ಸುತ್ಕೊಂಡು ರೈಲಿಗೇ ಬನ್ನಿ" ಎಂದರು.

ಇನ್ನು ಮುಖ್ಯ ಸಂಗತಿ.

ಮೂರು ವರ್ಷದ ಹಿಂದೆ, ಲಾರಿ ಬಡಿದು ನಿನ್ನ ತಾಯಿ ಹೋದ ರಾತ್ರಿ, ನೀನು ಶವಾಗಾರದ ಬಾಗಿಲಲ್ಲೇ ಕುಸಿದಿದ್ದೆ. ಅಮ್ಮನ ಮುಖ ನೋಡಲಾರೆನೆಂದು ಗೋಡೆಗೆ ಹಣೆಯೊತ್ತಿ ಅಳುತ್ತಿದ್ದೆ. ಕೊನೆಗೆ ಒಳಗೆ ಹೋದಾಗ ಅದು ಅಮ್ಮನ ಮುಖದಂತೆಯೇ ಇತ್ತು. ಒಡೆದ ಹಣೆ ಕಾಣದಂತೆ ಕೂದಲನ್ನು ಓರೆಯಾಗಿ ಬಾಚಿ, ನೀಲಿ ಹೂವಿನ ಪಿನ್ನೊಂದನ್ನು ಸಿಕ್ಕಿಸಿದ್ದರು. ಆ ಪಿನ್ನು ಅಮ್ಮನದಲ್ಲ, ಯಾರದು ಎಂದು ನೀನು ಎಷ್ಟೋ ಸಲ ಕೇಳಿದ್ದೀಯೆ. ಅವರು ಸಿಕ್ಕರೆ ಒಮ್ಮೆ ಕೈ ಹಿಡಿದುಕೊಳ್ಳಬೇಕು ಎಂದಿದ್ದೀಯೆ.

ಮೊನ್ನೆ ಬೆಳಿಗ್ಗೆ ಗಾಳಿಗೆ ಆಕೆಯ ತಲೆಯ ಮೇಲಿನ ಶಾಲು ಜಾರಿತು. ಕಿವಿಯ ಮೇಲ್ಗಡೆ ಅದೇ ನೀಲಿ ಹೂವು. ಇದರ ಜೊತೆಯದು ಎಲ್ಲಿ ಎಂದು ಕೇಳಿದೆ. "ಯಾರೋ ತಾಯಿಗೆ ಹಾಕಿಬಿಟ್ಟೆ. ಆಚೆ ಮಗಳು ಅಳ್ತಿದ್ಳು. ಅಮ್ಮನ ಮುಖ ನೋಡದೇ ಹೋದ್ರೆ ಪಾಪ, ಬದುಕಿಡೀ ಒದ್ದಾಡ್ತಾಳೆ ಅನ್ನಿಸ್ತು. ಪಿನ್ನು ಹುಡುಕೋಕೆ ಎಲ್ಲಿ ಹೋಗ್ಲಿ? ನನ್ನ ತಲೇಲಿದ್ದದ್ದೇ ಕಿತ್ತು ಹಾಕ್ದೆ" ಎಂದರು. ಆ ಮಗಳು ಯಾರೆಂದು ಆಕೆಗೆ ತಿಳಿಯದು. ನಾನು ಹೇಳಲಿಲ್ಲ, ಹೇಳುವ ಹಕ್ಕು ನಿನ್ನದು. ಈ ಪಿನ್ನನ್ನು ಕೆಲವು ದಿನ ಕೊಡಿ ಎಂದದ್ದಕ್ಕೆ ನನ್ನ ಬೋಳು ತಲೆಯನ್ನು ದೃಷ್ಟಿಸಿ ನೋಡಿ, "ಎಲ್ಲಿಗೆ ಸಿಕ್ಕಿಸ್ಕೋತೀರಿ, ಅರ್ಜಿ ಸಾಹೇಬ್ರೇ?" ಎಂದರು. ಕೊಟ್ಟರು.

ಮೇಲ್ಕಂಡ ಕಾರಣಗಳಿಂದ ಈ ಅರಿಕೆ. ನೀನು ಆಕೆಗೆ ದಯೆ ತೋರಬೇಕೆಂದು ನಾನು ಬೇಡುತ್ತಿಲ್ಲ. ಕಾಗದದಲ್ಲಿ ಸುತ್ತಿದ ಕೇಕು ಹಿಡಿದು ಆ ಸೀಟಿಗೆ ಹೋಗುವ ಮುಖ ನನಗಿಲ್ಲ ಎಂದಷ್ಟೇ ತಿಳಿಸುತ್ತಿದ್ದೇನೆ. ನೀವು ಬಾರದಿದ್ದರೆ ಚೂರು ಕೇಕಲ್ಲ, ಪೂರ್ತಿ ಊಟವನ್ನೇ ಕಟ್ಟಿಕೊಂಡು ಹೋಗುತ್ತೇನೆ; ಆ ದಿನ ನಮ್ಮಿಬ್ಬರ ಊಟ ರೈಲಿನಲ್ಲೇ ಆಗುವುದು.

ಮಕ್ಕಳಿಗೆ ಮುತ್ತು.

ಇಂತು ಅರಿಕೆ ಮಾಡಿಕೊಂಡ,
ನಿನ್ನ ತಂದೆ
(ಸಹಿ)

ತಿದ್ದುಪಡಿ: ಮೊದಲನೇ ಅಂಶ ಸುಳ್ಳು. ಇನ್ನು ಬರುವುದು ಬೇಡವೆಂದು ಕಚೇರಿಯವರು ಮಳೆಗಾಲದಲ್ಲೇ ಹೇಳಿದ್ದಾರೆ. ಆದರೂ ದಿನವೂ ಕೋಟು ತೊಟ್ಟು ಆ ರೈಲು ಹತ್ತಿ, ಕೊನೆಯ ನಿಲ್ದಾಣದವರೆಗೆ ಹೋಗಿ ಮರಳುತ್ತೇನೆ. ಆದ್ದರಿಂದ ಮೂರನೇ ಅಂಶದಲ್ಲಿ "ಸಹಪ್ರಯಾಣಿಕರು" ಎಂದಿರುವ ಕಡೆ ಏನು ಬರೆಯಬೇಕೋ ನನಗೆ ತಿಳಿಯದು. ಖಾಲಿ ಬಿಟ್ಟುಕೊಂಡು ಓದುವುದು.

ಲಗತ್ತು: ತಲೆಪಿನ್ನು, ಒಂದು. ನೀಲಿ ಹೂವಿನದು. ಜೊತೆಯದು ನಿನ್ನ ತಾಯಿಯ ಕೂದಲಲ್ಲಿದೆ. ಅಂಚೆಯಲ್ಲಿ ಹಿಂದಿರುಗಿಸತಕ್ಕದ್ದಲ್ಲ.