ನಾಲ್ಕು ಬೆರಳಿನ ವಿಷಯವಾಗಿ

ಕ್ರಿ.ಶ. 2231, ಆಶ್ವಯುಜ ಮಾಸದ ಮೂವತ್ತೇಳನೆಯ ದಿನ
ವಾಪಸಾತಿ ವಿಭಾಗ, ಮಹಾಗೋದಾಮು, ತುಮಕೂರು ರಸ್ತೆ

ಮನುಷ್ಯಾಕೃತಿಯ ಯಂತ್ರಕ್ಕೆ ನಕ್ಷೆ ಬರೆಯುತ್ತಿರುವ ಯಜಮಾನರಿಗೆ,

ತಾರೀಖು ನೋಡಿ ತಾವು ಹುಬ್ಬೇರಿಸುವುದು ಬೇಡ. ನಮ್ಮಲ್ಲಿ ತಿಂಗಳಿಗೆ ನಲವತ್ತು ದಿನ. ಸಂಬಳ ತಿಂಗಳಿಗೊಮ್ಮೆ ಕೊಡಬೇಕೆಂದು ಕಾನೂನಿತ್ತು, ಕಾನೂನನ್ನು ಮುಟ್ಟದೆ ತಿಂಗಳನ್ನೇ ಉದ್ದ ಮಾಡಿದರು. ನನ್ನ ಮಾತುಗಳಲ್ಲಿ ಕೆಲವು ತಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ತಾವು ಮಾಡಿಟ್ಟು ಹೋದ ವಸ್ತುಗಳಿಗೆ ಹೆಸರಿಡುವ ಕೆಲಸ ನಮ್ಮ ಪಾಲಿಗೆ ಬಂತು. ಇಲ್ಲಿ ಎಲ್ಲರೂ ಕ್ಷೇಮ ಎಂದು ಕಾಗದ ಶುರುಮಾಡುವುದು ತಮ್ಮ ಕಾಲದ ಪದ್ಧತಿಯಂತೆ. ನಾನು ಹಾಗೆ ಬರೆಯುವುದಿಲ್ಲ. ಈ ಕಾಗದ ಇನ್ನೂರು ವರ್ಷ ಹಿಂದಕ್ಕೆ ಹೇಗೆ ಬಂತೆಂದರೆ, ನಾನು ವಾಪಸಾತಿ ವಿಭಾಗದವಳು. ಬೇಡವಾದ ಸರಕನ್ನು ಅದು ಹೊರಟ ಜಾಗಕ್ಕೇ ಕಳಿಸುವುದು ನನ್ನ ಕೆಲಸ. ಈಚೆಗೆ ಹೊರಟ ಕಾಲಕ್ಕೂ ಕಳಿಸುವ ಪೆಟ್ಟಿಗೆ ಬಂದಿದೆ. ಅದರ ಸಂದಿಯಲ್ಲಿ ಒಂದು ಹಾಳೆ ತೂರಿಸಬಹುದು ಎಂದು ನನಗೆ ಹೇಳಿಕೊಟ್ಟವಳು ಸಣ್ಣೀರಮ್ಮ. ಅವಳು ಕೆಲಸದಲ್ಲಿ ನನ್ನ ಪಕ್ಕದ ಮೇಜಿನವಳು, ವಠಾರದಲ್ಲಿ ಪಕ್ಕದ ಮನೆಯವಳು.

ನಾಳೆ ನನ್ನ ಮಗಳು ಇಂಚರಳ ಅಳತೆ. ಅವಳಿಗೆ ಹದಿನಾರು ತುಂಬಿತು. ಅಳತೆ ಸರಿಹೋದರೆ ಅವಳನ್ನು ಯಂತ್ರದೊಳಗೆ ಹಾಕುತ್ತಾರೆ. ಅದನ್ನು ತಪ್ಪಿಸುವುದು ತಮ್ಮ ಕೈಯಲ್ಲಿದೆ, ಅದಕ್ಕೇ ಈ ಕಾಗದ.

ಕಾರ್ಖಾನೆ, ಗೋದಾಮುಗಳಿಗೆ ಮನುಷ್ಯನಂತಿರುವ ಯಂತ್ರ ಬೇಕೆ, ನಾಲ್ಕು ಚಕ್ರ ಮತ್ತು ಒಂದು ತೋಳು ಸಾಲದೆ ಎಂದು ತಮ್ಮ ಕಾಲದಲ್ಲಿ ದೊಡ್ಡ ಚರ್ಚೆಯಿತ್ತೆಂದು ನಮ್ಮ ಶಾಲೆಗಳಲ್ಲಿ ಕಲಿಸುತ್ತಾರೆ. ತಾವು ಕೊಟ್ಟ ಉತ್ತರವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಕಟ್ಟಡ ಮನುಷ್ಯನಿಗಾಗಿ ಕಟ್ಟಿದ್ದು, ಮೆಟ್ಟಿಲು ಮನುಷ್ಯನ ಕಾಲಿಗೆ, ಬಾಗಿಲ ಹಿಡಿ ಮನುಷ್ಯನ ಕೈಗೆ, ಹಾಗಾಗಿ ಯಂತ್ರವೂ ಮನುಷ್ಯನ ಹಾಗೇ ಇರಲಿ ಎಂದಿರಿ. ಕೇಳಲು ಚೆಂದವಾಗಿದೆ. ಆ ಯಂತ್ರವನ್ನು ನಾವು ನೆಟ್ಟಾಳು ಎನ್ನುತ್ತೇವೆ, ನೆಟ್ಟಗೆ ನಿಲ್ಲುವ ಆಳು ಎಂದು. ನೆಟ್ಟಾಳು ಬಂದಿತು, ಮನುಷ್ಯರನ್ನು ಕಳಿಸಿದರು. ಮನುಷ್ಯರಿಲ್ಲದ ಮೇಲೆ ದೀಪ ಯಾಕೆ, ಗಾಳಿ ಯಾಕೆ, ಅಷ್ಟಗಲದ ಓಣಿ ಯಾಕೆ ಎಂದು ಒಂದೊಂದಾಗಿ ತೆಗೆದರು. ಸರಕು ಜಾರಿಸಲು ಸುಲಭವೆಂದು ಮೆಟ್ಟಿಲನ್ನೂ ಒಡೆದು ಇಳಿಜಾರು ಮಾಡಿದರು. ಮೆಟ್ಟಿಲಿಗೆಂದು ಕೊಟ್ಟ ಕಾಲು ಮಾತ್ರ ಹಾಗೇ ಉಳಿಯಿತು. ಈಗ ಗೋದಾಮಿನಲ್ಲಿ ಚಕ್ರ ಉರುಳದ ಜಾಗವೇ ಇಲ್ಲ, ಚಕ್ರವಿರುವ ಯಂತ್ರವೂ ಇಲ್ಲ. ಕಾಲು ಯಾಕೆ ಎಂದು ಕೇಳಿದರೆ, ಮೊದಲಿಂದಲೂ ಹಾಗೇ ಇದೆ ಎನ್ನುತ್ತಾರೆ.

ಎರಡು ಕಾಲಿನ ಮೇಲೆ ನಿಲ್ಲುವುದು ಎಷ್ಟು ಕಷ್ಟವೆಂದು ತಮಗೆ ಗೊತ್ತಿರಬೇಕು, ತಮ್ಮ ಮನೆಯಲ್ಲೂ ಮಗು ನಡೆಯಲು ಕಲಿತಿರುತ್ತದೆ. ಭಾರ ಹೊತ್ತು ಹೊತ್ತು ನೆಟ್ಟಾಳಿನ ಮಂಡಿ ಸವೆಯುತ್ತದೆ. ಅದನ್ನು ರಿಪೇರಿ ಮಾಡುವುದಕ್ಕಿಂತ ಒಳಗಿನ ಯಂತ್ರವನ್ನು ಕಿತ್ತು ಒಬ್ಬ ಮನುಷ್ಯನನ್ನು ಹಾಕುವುದು ಅಗ್ಗ ಎಂದು ಯಾರೋ ಬುದ್ಧಿವಂತರಿಗೆ ಹೊಳೆಯಿತು. ನಮ್ಮ ಮಂಡಿ ತಾನಾಗಿ ರಿಪೇರಿಯಾಗುತ್ತದೆ, ಆಗದಿದ್ದರೆ ಇನ್ನೊಬ್ಬರು ಸಿಗುತ್ತಾರೆ. ಹೀಗೆ ಕವಚದೊಳಗೆ ಹೋಗುವವರನ್ನು ಒಳಾಳು ಎನ್ನುತ್ತೇವೆ. ಮನುಷ್ಯರು ಹಾಗೇ ಹೋಗಿ ಕೆಲಸ ಮಾಡಬಾರದೆ ಎಂದು ತಾವು ಕೇಳಬಹುದು. ನೆಟ್ಟಾಳಿನ ಕಣ್ಣಿಗೆ ಇನ್ನೊಂದು ನೆಟ್ಟಾಳು ಗೊತ್ತು, ಸರಕು ಗೊತ್ತು, ಮೂರನೆಯದು ಗೊತ್ತಿಲ್ಲ. ಕವಚವಿಲ್ಲದೆ ಓಣಿಗೆ ಇಳಿದವರನ್ನು ಅದು ಬಿದ್ದ ಸರಕೆಂದು ತಿಳಿದು ಎತ್ತಿ, ಮಡಿಸಿ, ಪೆಟ್ಟಿಗೆಗೆ ತುಂಬಿ ಟೇಪು ಅಂಟಿಸುತ್ತದೆ. ಬಹಳ ಅಚ್ಚುಕಟ್ಟಾಗಿ ಅಂಟಿಸುತ್ತದೆ. ಅಂಥ ಪೆಟ್ಟಿಗೆಗಳೂ ವಾಪಸಾತಿಗೇ ಬರುತ್ತವೆ. ನಾನು ತೆರೆದಿದ್ದೇನೆ.

ಕವಚಗಳೆಲ್ಲ ಒಂದೇ ಎತ್ತರ, ತಮ್ಮ ನಕ್ಷೆಯಲ್ಲಿರುವ ಎತ್ತರ. ಆ ನಕ್ಷೆಯ ಪ್ರತಿಯನ್ನು ಶಾಲೆಯ ಗೋಡೆಗೆ ಕಟ್ಟುಹಾಕಿಸಿ ನೇತುಹಾಕಿದ್ದಾರೆ. ತಾವು ಮೊದಲು ಒಂದು ಗೆರೆ ಎಳೆದು, ಅದನ್ನು ಹೊಡೆದುಹಾಕಿ, ನಾಲ್ಕು ಬೆರಳು ಕೆಳಗೆ ಇನ್ನೊಂದು ಎಳೆದಿದ್ದೀರಿ. ಯಾಕೆಂದು ಯಾರಿಗೂ ಗೊತ್ತಿಲ್ಲ. ಮೊದಲಿನದು ತಮ್ಮ ಸ್ವಂತ ಎತ್ತರವಂತೆ, ಅದನ್ನು ಇಳಿಸಿದ್ದು ತಮ್ಮ ವಿನಯವಂತೆ, ಮೇಷ್ಟರು ಹಾಗೆ ಹೇಳುತ್ತಾರೆ. ಆ ಗೆರೆಗೆ ಸರಿಯಾಗಿ ಬೆಳೆದ ಮಕ್ಕಳನ್ನು ಆರಿಸುತ್ತಾರೆ. ಒಂದು ಬೆರಳು ಹೆಚ್ಚೋ ಕಡಿಮೆಯೋ ಆದರೆ ಬಿಡುತ್ತಾರೆ. ಹಾಗಾಗಿ ನಮ್ಮ ವಠಾರದ ತಾಯಂದಿರಲ್ಲಿ ಕೆಲವರು ಮಕ್ಕಳನ್ನು ತೊಲೆಗೆ ಜೋತುಬೀಳಿಸುತ್ತಾರೆ, ಗೆರೆ ದಾಟಿ ಬೆಳೆಯಲಿ ಎಂದು. ಕೆಲವರು ಅನ್ನ ಕಡಿಮೆ ಬಡಿಸುತ್ತಾರೆ, ಗೆರೆ ಮುಟ್ಟದಿರಲಿ ಎಂದು. ನಾನು ಗಾಬರಿಯಲ್ಲಿ ಎರಡನ್ನೂ ಮಾಡಿದೆ. ಇಂಚರ ಸರಿಯಾಗಿ ಗೆರೆಗೇ ಬಂದು ನಿಂತಿದ್ದಾಳೆ, ಅವಳಪ್ಪನ ಹಾಗೆ.

ಅವಳಪ್ಪ, ಅಂದರೆ ನನ್ನ ಗಂಡ ಬೋರಲಿಂಗ, ಮದುವೆಯಾದಾಗಿನಿಂದಲೂ ಒಳಾಳು. ಕವಚಕ್ಕೆ ತಾವು ಮುಖ ಕೊಟ್ಟಿರಿ, ಬಾಯಿ ಕೊಡಲಿಲ್ಲ. ಬಾಯಿಯಿದ್ದರೆ ನೋಡುವವರಿಗೆ ಹೆದರಿಕೆಯಾಗುತ್ತದೆ ಎಂದಿರಂತೆ. ಒಳಗೆ ಎಷ್ಟು ಕೂಗಿಕೊಂಡರೂ ಹೊರಗೆ ಕೇಳಿಸದು. ಮೂರ್ಛೆ ಹೋದವರು ಬೀಳುವ ಹಾಗೂ ಇಲ್ಲ, ಮಂಡಿಯ ಕೀಲು ಬಿಗಿದುಕೊಂಡು ನೆಟ್ಟಗೇ ನಿಲ್ಲಿಸಿರುತ್ತದೆ. ಅಲುಗದೆ ನಿಂತದ್ದು ಕೆಟ್ಟುಹೋಗಿದೆಯೆಂದು ಬೇರೆ ನೆಟ್ಟಾಳುಗಳು ಅದನ್ನು ಹೊತ್ತು ಕಳಚುಮನೆಗೆ ಒಯ್ಯುತ್ತವೆ. ಅಲ್ಲಿ ಬಿಡಿಭಾಗ ಬಿಚ್ಚುವುದೂ ಯಂತ್ರವೇ. ಇದಕ್ಕೆ ನಾವು ಹೆಂಗಸರು ಒಂದು ಉಪಾಯ ಮಾಡಿಕೊಂಡಿದ್ದೆವು. ಬೆಳಿಗ್ಗೆ ಕವಚ ಮುಚ್ಚಿದೊಡನೆ ಅದರ ಗಲ್ಲಕ್ಕೆ ಕಾಡಿಗೆಯಿಂದ ಒಂದು ದೃಷ್ಟಿಬೊಟ್ಟು ಇಡುತ್ತಿದ್ದೆವು. ಬೊಟ್ಟಿದ್ದರೆ ಒಳಗೆ ಜನರಿದ್ದಾರೆಂದು ಕಳಚುಮನೆಯ ಬಾಗಿಲಲ್ಲಿ ಕೂತ ಕಾವಲಿನವನಿಗೆ ತಿಳಿಯುತ್ತಿತ್ತು, ಅವನು ತಡೆಯುತ್ತಿದ್ದ. ಕಂಪನಿಯವರಿಗೆ ಇದನ್ನು ನಾವು ಹೇಳಿರಲಿಲ್ಲ. ಹೇಳಿದ್ದರೆ ಕವಚದ ಅಂದ ಕೆಡುತ್ತದೆ ಎನ್ನುತ್ತಿದ್ದರು.

ಈ ತಿಂಗಳ ಆಯುಧಪೂಜೆಯ ದಿನ ಮಂಗಳಾರತಿ ಮುಗಿಯುವವರೆಗೆ ಯಂತ್ರಗಳಿಗೆಲ್ಲ ರಜೆ. ಒಳಾಳುಗಳಿಗೆ ಇರಲಿಲ್ಲ, ಪೂಜೆ ನೋಡಲು ಬಂದ ದೊಡ್ಡವರ ಕಣ್ಣಿಗೆ ಸಾಲು ತುಂಬಿ ಕಾಣಬೇಕಿತ್ತು. ಮೇಲ್ವಿಚಾರಕ ಮರಿಬಸಪ್ಪ ಬೇರೆ ಗೋದಾಮಿನಿಂದ ಹೊಸದಾಗಿ ಬಂದವನು, ದೈವಭಕ್ತ. ಯಾರ ಕೈಯಲ್ಲೂ ಮಾಡಿಸದೆ ತಾನೇ ಮಡಿಯುಟ್ಟು, ದೇವರ ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ಒಂದೊಂದು ನೆಟ್ಟಾಳನ್ನೂ ಉಜ್ಜಿ ತೊಳೆದ. ಆಮೇಲೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಬೂದುಗುಂಬಳ ಒಡೆದರು, ಕಡ್ಲೆಪುರಿ ಹಂಚಿದರು. ನನ್ನ ಕೈಗೆ ಎರಡು ಪೊಟ್ಟಣ ಕೊಟ್ಟರು, ಒಂದು ನನ್ನದು, ಒಂದು ನನ್ನ ಗಂಡನದು. ಬೋರಲಿಂಗ ಬಿಸಿಲಲ್ಲಿ ಹಾರ ಹಾಕಿಸಿಕೊಂಡು ನಿಂತೇ ಇದ್ದ. ಮಂಗಳಾರತಿ ಮುಗಿದು ಸಾಲು ಕದಲಿದಾಗ ಅವನೊಬ್ಬ ಕದಲಲಿಲ್ಲ. ಎರಡು ನೆಟ್ಟಾಳು ಬಂದು ಹೊತ್ತುಕೊಂಡು ಹೋದವು. ಕಾವಲಿನವನು ಗಲ್ಲ ನೋಡಿದ, ಕಪ್ಪು ಕಾಣಲಿಲ್ಲ, ಬಿಟ್ಟುಬಿಟ್ಟ. ಕಳಚುಮನೆಯಲ್ಲಿ ಮೊದಲು ಬಿಚ್ಚುವುದು ಮಂಡಿಯನ್ನು. ಮಂಡಿಗಳು ಒಳ್ಳೆಯ ಸ್ಥಿತಿಯಲ್ಲಿದ್ದವು ಎಂದು ಕಂಪನಿಯವರು ಆಮೇಲೆ ತಿಳಿಸಿದರು.

ಮರಿಬಸಪ್ಪ ಮನೆಗೆ ಬಂದು ಹೊಸ್ತಿಲಲ್ಲೇ ಕುಕ್ಕರಿಸಿದ. "ಅಕ್ಕಾ, ಕೊಳೆ ಅನ್ಕಂಡು ಉಜ್ಜುಬುಟ್ಟೆ. ಹಬ್ಬದ ದಿನ ಕರೀದು ಇರಬಾರ್ದು ಅಂತ" ಎಂದು ಮುಖ ಮುಚ್ಚಿಕೊಂಡು ಅತ್ತ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮನುಷ್ಯನ ಆಕಾರದ್ದೊಂದು ಎದುರಿಗೆ ನಿಂತರೆ ಅದಕ್ಕೆ ಸ್ನಾನ ಮಾಡಿಸಿ ಹಾರ ಹಾಕುವುದು ನಮ್ಮ ಜನರ ಗುಣ. ನಾಲ್ಕು ಚಕ್ರದ ಗಾಡಿಯಾಗಿದ್ದರೆ ಅವನು ಚಕ್ರದಡಿಗೆ ನಿಂಬೆಹಣ್ಣು ಇಟ್ಟು ಸುಮ್ಮನಾಗುತ್ತಿದ್ದ, ಒಳಗೆ ನನ್ನ ಗಂಡನೂ ಇರುತ್ತಿರಲಿಲ್ಲ. ಕವಚಕ್ಕೆ ಏನೂ ಆಗಿಲ್ಲ. ಹೊಸ ಮಂಡಿ ಜೋಡಿಸಿ ಇಟ್ಟಿದ್ದಾರೆ, ಹಣೆಯ ಕುಂಕುಮದ ಕಲೆ ಇನ್ನೂ ಪೂರ್ತಿ ಹೋಗಿಲ್ಲ. ನಾಳೆ ಇಂಚರಳನ್ನು ಹಾಕುವುದು ಅದೇ ಕವಚಕ್ಕೆ.

ಸೂತಕ ಕಳೆಯುವವರೆಗೂ ಸಣ್ಣೀರಮ್ಮ ನನ್ನ ಮನೆಯ ಒಲೆ ಹೊತ್ತಿಸಲು ಬಿಡಲಿಲ್ಲ. ಎರಡು ಹೊತ್ತೂ ಮುದ್ದೆ ಮಾಡಿ ತಂದು ಎದುರಿಗೆ ಕೂತು, "ಉಣ್ಣು ಹೊನ್ನಮ್ಮ, ನನ್ ಮ್ಯಾಲೆ ಸಿಟ್ಟು ಇಟ್ಕಬ್ಯಾಡ" ಎನ್ನುತ್ತಿದ್ದಳು. ಸಿಟ್ಟು ಯಾಕೆ ಎಂದು ನಾನು ಯೋಚಿಸಲಿಲ್ಲ, ಉಂಡೆ. ಮೊನ್ನೆ ಇಂಚರಳಿಗೆ ಅಳತೆಯ ಕರೆ ಬಂದಾಗ ಅವಳೇ ಬಾಗಿಲು ಹಾಕಿಕೊಂಡು ಪೆಟ್ಟಿಗೆಯ ಸಂದಿಯ ವಿಷಯ ಹೇಳಿದಳು. "ಒಂದು ಹಾಳೆ ಹಿಂದಕ್ಕೆ ಹೋಯ್ತದೆ. ಆ ಗೆರೆ ಇನ್ನೊಂಚೂರು ಇಳಿಸಿ ಅಂತ ಬರಿ, ಅವ್ರು ಕೇಳ್ತಾರೆ" ಎಂದಳು. ಅವರು ಕೇಳುತ್ತಾರೆಂದು ಇವಳಿಗೆ ಹೇಗೆ ಗೊತ್ತು ಎಂಬುದು ನನಗೆ ಅವಳು ಹೋದ ಮೇಲೆ ಹೊಳೆಯಿತು. ಅವಳ ಮಗಳು ತಾರಾಮಣಿ ಗೆರೆಗಿಂತ ನಾಲ್ಕು ಬೆರಳು ಎತ್ತರ. ತಮಗೆ ನನಗಿಂತ ಮೊದಲು ಒಂದು ಕಾಗದ ಬಂದಿದೆ. ಅದನ್ನು ಓದಿ ತಾವು ಗೆರೆಯನ್ನು ಇಳಿಸಿದಿರಿ. ತಾರಾಮಣಿ ಉಳಿದಳು, ಗೆರೆ ಬೋರಲಿಂಗನ ತಲೆಯ ಮಟ್ಟಕ್ಕೆ ಬಂತು.

ಕಾಲು ಬೇಡ, ಚಕ್ರ ಕೊಡಿ ಎಂದು ಕೇಳಬೇಕೆಂದು ಮೊದಲು ಅಂದುಕೊಂಡೆ. ಆಗ ಯಾರ ಮಕ್ಕಳೂ ಒಳಗೆ ಹೋಗಬೇಕಾಗುವುದಿಲ್ಲ. ಆದರೆ ಅಷ್ಟು ದೊಡ್ಡ ಮಾತಿಗೆ ತಾವು ನಗುತ್ತೀರಿ. ನಾಲ್ಕು ಬೆರಳಿನ ಮಾತಾದರೆ ಕೇಳುತ್ತೀರಿ, ಒಮ್ಮೆ ಕೇಳಿದ್ದೀರಿ. ಸಣ್ಣೀರಮ್ಮ ಹೇಳಿದಂತೆ ಇನ್ನೂ ಇಳಿಸಿ ಎನ್ನಬಹುದಿತ್ತು, ಆಗ ನಾನು ಮುಖ ನೋಡದ ಯಾರದೋ ಮಗು ಹೋಗುತ್ತಿತ್ತು, ನನಗೆ ನಿದ್ದೆಯೂ ಬರುತ್ತಿತ್ತು. ನಾನು ಅದನ್ನು ಕೇಳುವುದಿಲ್ಲ. ಮೊದಲು ಬಂದ ಆ ಕಾಗದವನ್ನು ಹರಿದುಹಾಕಿ. ಹೊಡೆದುಹಾಕಿದ ಗೆರೆಯನ್ನೇ ಉಳಿಸಿಕೊಳ್ಳಿ. ನನ್ನ ಗಂಡ ಮನೆಗೆ ಬರುತ್ತಾನೆ, ನನ್ನ ಮಗಳು ಮನೆಯಲ್ಲಿ ಉಳಿಯುತ್ತಾಳೆ. ಮಿಕ್ಕದ್ದು ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಬೇಡವಾದದ್ದನ್ನು ಅದು ಹೊರಟ ಜಾಗಕ್ಕೇ ಕಳಿಸುವುದು ನನ್ನ ಕೆಲಸ ಎಂದು ಮೊದಲೇ ಹೇಳಿದ್ದೇನೆ.

ಸಣ್ಣೀರಮ್ಮನಿಗೆ ಇಂದು ಎರಡನೇ ಪಾಳಿ. ಅವಳ ಮಗಳು ಬಾಚಣಿಗೆ ಹಿಡಿದುಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದಾಳೆ, "ಅತ್ತೆ, ಜಡೆ ಹಾಕ್ಕೊಡಿ" ಎನ್ನುತ್ತಿದ್ದಾಳೆ. ಇದನ್ನು ಮಡಿಸಿಟ್ಟು ಎದ್ದು ಹೋಗಿ ಹಾಕಿಕೊಡುತ್ತೇನೆ. ತಾರಾಮಣಿಯ ತಲೆ ನನ್ನ ಕೈಗೆ ಎಟುಕುವುದಿಲ್ಲ, ಅವಳನ್ನು ಕೂರಿಸಿಕೊಳ್ಳಬೇಕು.

ಇಂತು ತಮ್ಮ ಉತ್ತರಕ್ಕೆ ಕಾಯದ,
ಗಂಗಹೊನ್ನಮ್ಮ