ಮೂರು ಲಿಪಿಯ ಕೊಪ್ಪರಿಗೆ

ಹಲಸೂರು, ಬೆಂಗಳೂರು
೨-೧೨-೨೦೦೩, ಮಂಗಳವಾರ

ಪ್ರೀತಿಯ ಹಂಸಾ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಆರೋಗ್ಯ ಕೇಂದ್ರಕ್ಕೆ ಬಂದವರಿಗೆಲ್ಲ ಬಿ.ಪಿ. ನೋಡಿ ಬುದ್ಧಿ ಹೇಳುವ ನರ್ಸಮ್ಮ ತನ್ನ ಬಿ.ಪಿ. ನೋಡಿಕೊಳ್ಳುತ್ತಾಳೋ ಇಲ್ಲವೋ ಎಂಬುದೇ ನನಗೆ ಅನುಮಾನ. ಉಪ್ಪಿನಕಾಯಿ ಮುಟ್ಟಬೇಡ. ಮುಟ್ಟುತ್ತೀಯ ಎಂದು ಗೊತ್ತು, ಆದರೂ ಹೇಳುವುದು ನನ್ನ ಧರ್ಮ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅತ್ತೆಗೆ ಮಂಡಿನೋವು ಇದ್ದದ್ದೇ. ನಿಮ್ಮಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ನಾನು ಮಾತ್ರ ಸರಿಯಿಲ್ಲ, ಅದನ್ನು ಹೇಳಲೆಂದೇ ಈ ಪತ್ರ. ಫೋನಿನಲ್ಲಿ ಹೇಳೋಣವೆಂದರೆ ಅದು ಇರುವುದು ನಿಮ್ಮಪ್ಪನ ಮಂಚದ ಪಕ್ಕ. ಅವರು ಪೇಪರು ಅಡ್ಡ ಹಿಡಿದುಕೊಂಡರೂ ಕಿವಿ ಇತ್ತಲೇ ಇರುತ್ತದೆ.

ನಿನ್ನ ಪತ್ರ ಶನಿವಾರವೇ ಬಂತು. ಎಷ್ಟು ಸಲ ಓದಿದೆನೋ. ‘ಎಂಟನೇ ತಾರೀಕು ಸೋಮವಾರದೊಳಗೆ ನೀವು ಬಂದ್ರೆ ಇಲ್ಲೇ ಹೆರಿಗೆ ಮಾಡಿಸ್ಕೊಂಡು ಕೆಲ್ಸ ಉಳಿಸ್ಕೋತೀನಿ. ಬರ್ಲಿಲ್ಲ ಅಂದ್ರೆ ಬಿಟ್ಟು ಬರ್ತೀನಿ, ಒಬ್ಳೇ ಇನ್ನು ಆಗಲ್ಲ ರೀ’ ಎಂದು ಬರೆದಿದ್ದೀಯ. ನಿನ್ನದು ಗುತ್ತಿಗೆಯ ನೌಕರಿ. ತವರಿಗೆ ಬಂದು ತಿಂಗಳುಗಟ್ಟಲೆ ಬಾಣಂತನ ಮಾಡಿಸಿಕೊಂಡರೆ ಆ ಕುರ್ಚಿಯಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ ಎಂಬುದು ನನಗೂ ಗೊತ್ತು. ನೀನು ಆ ಕೆಲಸಕ್ಕಾಗಿ ಎಷ್ಟು ಓದಿದೆ, ನಿಮ್ಮಪ್ಪನ ಜೊತೆ ಎಷ್ಟು ಕಿತ್ತಾಡಿದೆ ಎಂಬುದೂ ಗೊತ್ತು. ದೀಪಾವಳಿ ಆಗಲಿ ಬರುತ್ತೇನೆ ಎಂದೆ, ಕಾರ್ತಿಕ ಕಳೆಯಲಿ ಎಂದೆ. ಪ್ರತಿ ಸಲವೂ ನಿಜವಾಗಿಯೂ ಬರುವವನೇ ಇದ್ದೆ ಕಣೇ.

ಈ ಹಾಳು ಕಂಪ್ಯೂಟರಿನ ಕಥೆ ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ನಮ್ಮ ಶಾಮಿಯಾನ, ಪಾತ್ರೆ ಬಾಡಿಗೆ ವ್ಯವಹಾರ ನಡೆಯುವ ರೀತಿ ನೀನು ಹುಟ್ಟಿದಾಗಿನಿಂದ ನೋಡಿದ್ದೀಯ. ಹಿತ್ತಲಲ್ಲಿ ಮೂರು ಷೆಡ್ಡು, ಮೂವರು ಆಳು. ಅಮರಪ್ಪನಿಗೆ ಕನ್ನಡ ಬಿಟ್ಟು ಬೇರೆ ಓದಲು ಬಾರದು, ಆರೋಗ್ಯದಾಸನಿಗೆ ತಮಿಳು, ಶಮೀಮನಿಗೆ ಉರ್ದು. ಅದಕ್ಕೇ ಹಳೆಯ ಕಂಪ್ಯೂಟರಿನಲ್ಲಿ ಅವರವರ ಷೆಡ್ಡಿನ ಸಾಮಾನನ್ನು ಅವರವರ ಅಕ್ಷರದಲ್ಲೇ ಟೈಪು ಮಾಡಿದ್ದು. ಎಲ್ಲವೂ ಅಡುಗೆಯ ದೊಡ್ಡ ಪಾತ್ರೆಗಳೇ, ಆದರೆ ಅಮರಪ್ಪನ ಕೊಪ್ಪರಿಗೆ ಕನ್ನಡದಲ್ಲಿ, ದಾಸನ ಅಂಡಾ ತಮಿಳಿನಲ್ಲಿ, ಶಮೀಮನ ದೇಗ್ ಉರ್ದುವಿನಲ್ಲಿ. ಮೂರನ್ನೂ ಓದಬಲ್ಲವನು ಮನೆಗೊಬ್ಬನೇ ಅಳಿಯ. ಶಿವಾಜಿನಗರದಲ್ಲಿ ನಮ್ಮ ಪಕ್ಕದ ಮನೆಯ ಸಾಬಿರಾ ಆಂಟಿ ತನ್ನ ಮಕ್ಕಳ ಜೊತೆ ನನ್ನನ್ನೂ ಕೂರಿಸಿಕೊಂಡು ಉರ್ದುವಿನ ಅಲೀಫ್ ಬೇ ತಿದ್ದಿಸದಿದ್ದರೆ ನಿಮ್ಮಪ್ಪ ನನಗೆ ಹೆಣ್ಣು ಕೊಡುತ್ತಿದ್ದರೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನಗಬೇಡ, ನಿಜ ಹೇಳುತ್ತಿದ್ದೇನೆ.

ಹಳೆಯ ಕಂಪ್ಯೂಟರು ಕೆಮ್ಮುತ್ತಾ ಕೂತಾಗ ಮಾವ ಹೊಸದನ್ನು ತರಿಸಿದರು. ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಕಂಪನಿಯ ಸುನೀಲ್ ಎಂಬ ಹುಡುಗ ಎಲ್ಲವನ್ನೂ ಹಳೆಯದರಿಂದ ಹೊಸದಕ್ಕೆ ಸಾಗಿಸಿಕೊಡುತ್ತೇನೆಂದು ಬಂದ. ಸಾಗಿಸಿದ, ಆದರೆ ಅಕ್ಷರಗಳು ದಾರಿಯಲ್ಲೇ ಚೆಲ್ಲಿಹೋದವು. ಕನ್ನಡದ ಒತ್ತುಗಳೆಲ್ಲ ಕಳಚಿ ಪಕ್ಕದಲ್ಲಿ ನಿಂತವು. ತಮಿಳು ಬರೀ ಚೌಕಳಿಗಳಾಯಿತು. ಉರ್ದು ಎಡಗಡೆಯಿಂದ ಶುರುವಾಗಿ ಒಂದೊಂದಕ್ಷರವೂ ಮುನಿಸಿಕೊಂಡವರ ಹಾಗೆ ದೂರ ದೂರ ಕೂತಿತು. ಶಮೀಮ್ ಯಾವ ಮದುವೆಗೆ ಏನು ಒಯ್ಯಬೇಕೆಂದು ಅಚ್ಚಾಗಿ ಬಂದ ಚೀಟಿಯನ್ನು ತಲೆಕೆಳಗು ಮಾಡಿ ನೋಡಿ, ‘ಇದೇನ್ ಸಾಮಿ, ಪೂರಾ ಉಲ್ಟಾ ಪಲ್ಟಾ’ ಎಂದ. ಅದನ್ನು ಸರಿಮಾಡುವವರೆಗೆ ಸುನೀಲನ ಪಕ್ಕ ನಾನು ಕೂರಬೇಕು. ಒಂದು ಅಕ್ಷರ ಸರಿಹೋದರೆ ಇನ್ನೊಂದು ಕೆಡುತ್ತಿತ್ತು. ನಾನು ಬ್ಯಾಗು ತುಂಬಿದಾಗಲೆಲ್ಲ ಮಾವ, ‘ಇದೊಂದು ಮುಗಿಸ್ಬಿಟ್ಟು ಹೋಗಪ್ಪ, ನಿನ್ ಬಿಟ್ರೆ ಯಾರಿದ್ದಾರೆ’ ಎನ್ನುತ್ತಿದ್ದರು. ಬೈದಿದ್ದರೆ ಜಗಳವಾಡಿ ಹೊರಡಬಹುದಿತ್ತು. ಸೋದರಮಾವ, ಅಪ್ಪನಿಲ್ಲದ ನನ್ನನ್ನು ಓದಿಸಿದವರು, ಮೇಲೆ ಹೆಣ್ಣು ಕೊಟ್ಟವರು, ಭುಜದ ಮೇಲೆ ಕೈಯಿಟ್ಟು ಹೀಗೆ ಹೇಳಿದರೆ ಬ್ಯಾಗಿನಿಂದ ಬಟ್ಟೆ ತಾನಾಗಿಯೇ ಆಚೆ ಬರುತ್ತದೆ.

ಅಂತೂ ನಿನ್ನೆ ಮೂರು ಭಾಷೆಯೂ ಸರಿಯಾಗಿ ಬಂತು. ಪರದೆಯ ಮೇಲೆ ಉರ್ದು ಬಲದಿಂದ ಎಡಕ್ಕೆ ಹರಿದದ್ದು ನೋಡಿ ನಾನು ಕುರ್ಚಿ ಬಿಟ್ಟು ಎದ್ದುಬಿಟ್ಟೆ. ಅತ್ತೆ ಕಂಪ್ಯೂಟರಿಗೆ ಕುಂಕುಮವಿಟ್ಟು ಸೇವಂತಿಗೆ ಹಾರ ಹಾಕಿದರು. ಮಾವ ಎಲ್ಲರ ಎದುರಿಗೇ, ‘ಭಾನುವಾರದ ಮದ್ವೆಗಳು ಮುಗೀಲಿ, ಅವತ್ತೇ ರಾತ್ರಿ ರೈಲಿಗೆ ಹೊರಡು’ ಎಂದರು. ದಂಡು ಸ್ಟೇಷನ್ನಿಗೆ ಹೋಗಿ ಟಿಕೆಟ್ ತೆಗೆದುಕೊಂಡು ಬಂದೆ. ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಿದ್ದೆ, ನನ್ನ ವಯಸ್ಸಿಗೆ ಅದು ಚೆನ್ನವೇ ಎಂದು ಕೂಡ ಯೋಚಿಸಲಿಲ್ಲ.

ಬಂದು ನೋಡಿದರೆ ಭಾನುವಾರದ ಚೀಟಿಗಳು ಅಚ್ಚಾಗಿ ಕೂತಿವೆ. ಸಾಬಿರಾ ಆಂಟಿಯ ಮಗಳ ಮದುವೆಗೆ ಹೋಗಬೇಕಾದ ದೇಗ್‌ಗಳ ಚೀಟಿ ತಮಿಳಿನಲ್ಲಿದೆ, ದಾಸನ ಹೆಸರಿಗೆ! ಇಂದಿರಾನಗರದ ಲಿಂಗಾಯತರ ಮದುವೆಯದು ಉರ್ದುವಿನಲ್ಲಿ, ಶಮೀಮನ ಹೆಸರಿಗೆ. ಸುನೀಲನನ್ನು ಕೇಳಿದರೆ ಅವನಿಗೆ ಹೆಮ್ಮೆ. ‘ಒಂದೇ ಅಳತೆ ಪಾತ್ರೆಗೆ ಮೂರ್ ಮೂರು ಎಂಟ್ರಿ ಯಾಕ್ ಗುರು? ಸೇರಿಸ್ಬಿಟ್ಟೆ. ಈಗ ಒಂದೇ ಐಟಂ, ಹೆಸರು ಮಾತ್ರ ಮೂರು ಭಾಷೇಲಿ. ಯಾರ್ ಫ್ರೀ ಇದ್ದಾರೋ ಅವ್ರ ಭಾಷೇಲಿ ಚೀಟಿ ಬರುತ್ತೆ’ ಎಂದ.

ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮರಪ್ಪನ ಷೆಡ್ಡಿನ ಕೊಪ್ಪರಿಗೆ ಇವತ್ತಿನವರೆಗೆ ಮಾಂಸ ಕಂಡದ್ದಿಲ್ಲ. ದಾಸನ ಅಂಡಾಗಳು ಕಾಕ್ಸ್‌ಟೌನಿನ ಕ್ರೈಸ್ತರ ಊಟಗಳಿಗೆ ಹೋಗುತ್ತವೆ, ಅದರಲ್ಲಿ ಹಂದಿಯೂ ಬೇಯುತ್ತದೆ. ಶಮೀಮನ ದೇಗ್‌ಗಳನ್ನು ಶಿವಾಜಿನಗರದವರು ನಂಬಿ ಒಯ್ಯುವುದೇ ಅದರಲ್ಲಿ ಹಂದಿ ಬೆಂದಿಲ್ಲ ಎಂದು. ಇದನ್ನು ಯಾರೂ ಎಲ್ಲಿಯೂ ಬರೆದಿಲ್ಲ. ಯಾವ ಅಕ್ಷರದಲ್ಲಿ ಟೈಪಾಗಿದೆಯೋ ಆ ಷೆಡ್ಡಿನದು, ಆ ಜನಕ್ಕೆ ಸಲ್ಲುವುದು, ಅಷ್ಟೇ. ಸುನೀಲ ಅದನ್ನು ಬರೀ ಅನುವಾದ ಅಂದುಕೊಂಡ. ತಪ್ಪು ಅವನದಲ್ಲ, ಕೊಪ್ಪರಿಗೆಯೂ ದೇಗೂ ಒಂದೇ ಅಲ್ಲವೇ ಎಂದು ಹೊರಗಿನವರು ಯಾರನ್ನು ಕೇಳಿದರೂ ಹೌದೆನ್ನುತ್ತಾರೆ.

ಈಗ ನನ್ನ ಗತಿ ಕೇಳು. ಬಾಯಿ ಬಿಟ್ಟರೆ ಎಲ್ಲ ಸಾಮಾನನ್ನೂ ಮತ್ತೆ ಬೇರೆ ಮಾಡಬೇಕು, ಅದಕ್ಕೆ ಮತ್ತೆ ನಾನೇ. ಬಾಯಿ ಮುಚ್ಚಿಕೊಂಡರೆ ಭಾನುವಾರ ರೈಲು. ಈ ಭಾನುವಾರದ್ದನ್ನು ಮೂವರಿಗೂ ಬಾಯಲ್ಲೇ ಹೇಳಿ ಸರಿದೂಗಿಸಬಹುದು, ಆಮೇಲೆ? ಊಟ ಮುಗಿದು ತೊಳೆದು ಬಂದ ಪಾತ್ರೆ ಒಂದು ಸಲ ಷೆಡ್ಡು ಬದಲಾಯಿಸಿತೆಂದರೆ ಮತ್ತೆ ಯಾವುದು ಯಾರದೆಂದು ಬ್ರಹ್ಮನೂ ಹೇಳಲಾರ. ಇಂದು ಬೆಳಗ್ಗೆ ತಿಂಡಿಗೆ ಕೂತಾಗಲೂ ಸುಮ್ಮನಿದ್ದೆ. ನಿನ್ನ ಊದಿದ ಕಾಲು ನೆನಪಾಗುತ್ತಿತ್ತು. ನನಗೇನು, ಊರಿನವರು ಯಾವ ಪಾತ್ರೆಯಲ್ಲಾದರೂ ಬೇಯಿಸಿಕೊಂಡು ಸಾಯಲಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅಷ್ಟರಲ್ಲಿ ಸಾಬಿರಾ ಆಂಟಿ ಲಗ್ನಪತ್ರಿಕೆ ಕೊಡಲು ಬಂದರು. ‘ವಸಂತು, ಪಾತ್ರೆ ಮಾತ್ರ ನಿಮ್ದೇ ಬೇಕಂತ ಹಟ ಮಾಡ್ದೆ ಕಣೋ, ನಮ್ ಹುಡ್ಗ ಇರೋ ಕಡೆ ನಂಬ್ಕೆ’ ಎಂದು ಕೆನ್ನೆ ಸವರಿದರು. ಆಕೆ ಹೋದ ಮೇಲೆ ನೇರವಾಗಿ ಮಾವನ ಹತ್ತಿರ ಹೋಗಿ ಹೇಳಿಬಿಟ್ಟೆ.

ಮಾವ ಗಾಬರಿಯಾಗಲಿಲ್ಲ. ಕನ್ನಡಕ ಒರೆಸಿಕೊಂಡು, ‘ನೋಡ್ದಾ, ನೀನಿಲ್ದಿದ್ರೆ ಮಾನ ಹೋಗ್ತಿತ್ತು. ಇನ್ನೊಂದೆರಡ್ ತಿಂಗ್ಳು ಇದ್ದು ಸರಿ ಮಾಡು. ಹಂಸನ್ನೂ ಕರೆಸ್ಕೊಳ್ಳಾಣ, ಚೊಚ್ಚಲ ಹೆರಿಗೆ ತವರಲ್ಲಾಗ್ಲಿ’ ಎಂದರು. ಮಧ್ಯಾಹ್ನದ ಹೊತ್ತಿಗೆ ಅತ್ತೆ ನಡುಮನೆ ಕೋಣೆ ಗುಡಿಸಿ ಸಾರಿಸಿದ್ದರು, ಬಾಣಂತಿಗೆಂದು ಒಣಕೊಬ್ಬರಿ, ಅಂಟು, ಉತ್ತುತ್ತೆ ಎಲ್ಲ ಬಂದು ಕೂತಿತ್ತು. ಅವರ ಸಂಭ್ರಮ ನೋಡಿ ಬೇಡ ಎನ್ನಲು ಬಾಯಿ ಬರಲಿಲ್ಲ. ಕೋಣೆಯೇನೋ ಚೆನ್ನಾಗಿದೆ, ಗಾಳಿ ಬೆಳಕಿದೆ. ನನಗೆ ಮಾತ್ರ ಒಳಗೆ ಹೋದರೆ ಉಸಿರು ಕಟ್ಟುತ್ತದೆ.

ಆದ್ದರಿಂದ ಹಂಸಾ, ಮನಸ್ಸು ಗಟ್ಟಿ ಮಾಡಿಕೊಂಡು ಬರೆಯುತ್ತಿದ್ದೇನೆ. ನೀನೇ ಬಂದುಬಿಡು. ಕೆಲಸ ಹೋದರೆ ಹೋಗಲಿ, ಇನ್ನೊಂದು ಹುಡುಕೋಣ. ಹೀಗೆ ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಅಳುವೂ ಬರುತ್ತಿದೆ. ಆದರೆ ನೀನು ಅಲ್ಲಿ ಒಬ್ಬಳೇ ಕಾಲು ನೀವಿಕೊಂಡು ಕೂತಿರುವುದನ್ನು ನೆನೆದರೆ ತಡೆಯಲಾಗುವುದಿಲ್ಲ. ಬಸ್ಸಿನಲ್ಲಿ ಬರಬೇಡ, ಕುಲುಕಾಡುತ್ತದೆ. ರೈಲಿನಲ್ಲೇ ಬಾ, ನಾನು ಸ್ಟೇಷನ್ನಿನಲ್ಲಿ ಇರುತ್ತೇನೆ.

ಅತ್ತೆ ನಿನ್ನ ತಲೆಗೂದಲಿಗೆ ಎಣ್ಣೆ ಕಾಯಿಸಿಟ್ಟಿದ್ದೇನೆಂದು ಹೇಳಲು ಹೇಳಿದ್ದಾರೆ. ಹೊಟ್ಟೆಯಲ್ಲಿರುವ ಕಳ್ಳ ಒದ್ದಾಗಲೆಲ್ಲ ಅವನಿಗೂ ಅವಳಿಗೂ, ಯಾರೇ ಆಗಲಿ, ನನ್ನ ಕಡೆಯಿಂದ ಒಂದೊಂದು ಮುತ್ತು. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಕೈಲಾಗದ ನಿನ್ನ ಗಂಡ,
ವಸಂತ್

ವಿ.ಸೂ.: ಬುಧವಾರ ಬೆಳಗ್ಗೆ. ಮೇಲೆ ಬರೆದದ್ದನ್ನು ಹರಿದು ಹೊಸದಾಗಿ ಬರೆಯಲು ಹೊತ್ತಿಲ್ಲ, ಬೆಳಗಿನ ಟಪಾಲು ತಪ್ಪಿಹೋಗುತ್ತದೆ. ಇರಲಿ, ನಿನ್ನ ಗಂಡ ಎಷ್ಟು ಸುಲಭಕ್ಕೆ ಸಿಕ್ಕಿಬೀಳುತ್ತಾನೆಂದು ನಿನಗೂ ಗೊತ್ತಿರಲಿ. ಈಗ ತಾನೇ ಸುನೀಲ ಬಂದ. ಮತ್ತೆ ಬೇರೆ ಮಾಡಬೇಕಪ್ಪ ಎಂದೆ. ‘ನಾನ್ ಆವತ್ತೇ ಯಜಮಾನ್ರನ್ನ ಕೇಳ್ದೆ ಅಲ್ವಾ ಗುರು, ಮೂರೂ ಬೇರೆ ಬೇರೇನಾ ಅಂತ. ಅವ್ರೇ, ಬೇರೇನೇ, ಆದ್ರೂ ಸದ್ಯಕ್ಕೆ ಒಂದೇ ಮಾಡ್ಬಿಡು, ಆಮೇಲೆ ಅಳಿಯ ನೋಡ್ಕೋತಾನೆ ಅಂದ್ರು’ ಎಂದ. ಮಾವನ ಮುಂದೆ ಹೋಗಿ ನಿಂತೆ. ಅವರು ಇಲ್ಲವೆನ್ನಲಿಲ್ಲ. ‘ನೀನ್ ಹೋದ್ರೆ ಅವ್ಳು ಯಾಕ್ ಬರ್ತಾಳೋ? ಒಬ್ಳೇ ಮಗಳು ಕಣೋ’ ಎಂದು ಟವಲ್ಲಿನಿಂದ ಮುಖ ಮುಚ್ಚಿಕೊಂಡರು. ನನಗೂ ಅಳು ಬಂತು. ಆದರೆ ಹಂಸಾ, ಅವರಿಗೆ ಬೇಕಾಗಿದ್ದದ್ದು ನಾನಲ್ಲ, ನೀನು. ಗಾಳಕ್ಕೆ ಸಿಕ್ಕಿಸಿದ ಎರೆಹುಳ ನಾನು. ಭಾನುವಾರದ ಚೀಟಿಗಳನ್ನು ಕೈಯಲ್ಲೇ ಬರೆದು ಮೂವರಿಗೂ ಕೊಟ್ಟಾಗಿದೆ. ಯಾವ ಪಾತ್ರೆ ಯಾರದೆಂದು ಗೊತ್ತಿದ್ದೇ ಸೇರಿಸಿದವರು ಅವರು, ಬೇರೆ ಮಾಡುವುದೂ ಅವರಿಗೆ ಗೊತ್ತು. ಸುನೀಲನ ಪಕ್ಕದ ಕುರ್ಚಿಯಲ್ಲಿ ಈಗ ನಿಮ್ಮಪ್ಪನೇ ಕೂತಿದ್ದಾರೆ. ಸೋಮವಾರ ಬೆಳಗ್ಗೆ ನಾನು ಅಲ್ಲಿರುತ್ತೇನೆ. ಅಷ್ಟರೊಳಗೆ ನಿಮ್ಮಪ್ಪ ಫೋನು ಮಾಡಿ ನನಗೆ ಜ್ವರ ಎಂದರೂ, ಬಿದ್ದು ಕಾಲು ಮುರಿದುಕೊಂಡೆ ಎಂದರೂ, ನಾನೇ ಫೋನು ಹಿಡಿದು ಬಾ ಎಂದು ಕರೆದರೂ, ನೀನು ಮಾತ್ರ ಬರಬೇಡ.