ಲೆಕ್ಕಕ್ಕೆ ಹೆಚ್ಚಾದ ಎತ್ತುಗಳು

ಹುಲ್ಲಹಳ್ಳಿ
೮-೧-೨೦೦೨

ದೇವನೂರಿನ ಪುಟ್ಟಬಸವಯ್ಯನವರಿಗೆ ಗಂಗಾಧರಸ್ವಾಮಿಯ ನಮಸ್ಕಾರಗಳು.

ಕಡಿಮೆ ಖರ್ಚಿನಲ್ಲಿ ಹೆಚ್ಚು ಲಾಭ ತೆಗೆಯುವ ಬೇಸಾಯಗಾರರ ಸ್ಪರ್ಧೆಯಲ್ಲಿ ಈ ಸಲ ಮೊದಲ ಬಹುಮಾನ ನನಗೆ ಬಂದಿದೆ. ಹೋದ ವರ್ಷ ಎರಡನೆಯದಾಗಿತ್ತು. ಆಗ ಗದ್ದೆ ನೋಡಲು ಬಂದಿದ್ದ ತೀರ್ಪುಗಾರರು ಕೊಟ್ಟಿಗೆಯ ಮುಂದೆ ನಿಂತು, "ಉಳೋಕೆ ಟಿಲ್ಲರ್ ಇಟ್ಕೊಂಡು ಈ ಎತ್ತುಗಳಿಗೂ ಮೇವು ಹಾಕ್ತಿದ್ದೀರಲ್ಲ ಸ್ವಾಮಿ, ದಂಡ ಅಲ್ವಾ?" ಎಂದರು. ಲೆಕ್ಕ ಹಾಕಿ ನೋಡಿದೆ, ನಿಜವಾಗಿತ್ತು. ಅದಕ್ಕೇ ಆ ಜೋಡಿಯನ್ನು ನಿಮಗೆ ಮಾರಿದೆ.

ಅವತ್ತು ಹೇಳಲು ಮರೆತ ಮಾತುಗಳಿವೆ. ಕೊಂಬು ಮುರಿದ ಎತ್ತನ್ನು ಎಡಕ್ಕೇ ಕಟ್ಟಿ. ಬಲಕ್ಕೆ ಕಟ್ಟಿದರೆ ಹೆಜ್ಜೆ ಹಾಕುವುದಿಲ್ಲ. ಸಂಕ್ರಾಂತಿಗೆ ಕಿಚ್ಚು ಹಾಯಿಸುವಾಗ ಅದನ್ನೇ ಮುಂದೆ ಬಿಡಿ, ಇನ್ನೊಂದು ಅದರ ಹಿಂದೆ ಹೆದರದೆ ಹಾರುತ್ತದೆ. "ಕಲಗಚ್ಚಿಗೆ ಉಪ್ಪಾಕ್ದಿದ್ರೆ ಮೂಸೂ ನೋಡಲ್ಲ ಅಂತ ಬರೀರಿ" ಎಂದು ನನ್ನ ಮನೆಯವಳು ಒಳಗಿನಿಂದ ಹೇಳುತ್ತಿದ್ದಾಳೆ.

ಇನ್ನೊಂದು ವಿಷಯ. ನಮ್ಮೂರ ಸಂತೆಗೆ ಗಾಡಿ ಕಟ್ಟಿಕೊಂಡು ಬರುವುದಾದರೆ ದಯವಿಟ್ಟು ಕಾಲುವೆ ಏರಿಯ ಮೇಲೆ ಬನ್ನಿ. ನಮ್ಮ ಬೀದಿಗೆ ಬಂದರೆ ಅವು ನಿಮ್ಮ ಮಾತು ಕೇಳುವುದಿಲ್ಲ, ನೇರ ನಮ್ಮ ಕೊಟ್ಟಿಗೆಗೇ ತಿರುಗುತ್ತವೆ. ಅಲ್ಲೀಗ ಟಿಲ್ಲರ್ ನಿಲ್ಲಿಸಿದ್ದೇನೆ.

ಇಂತಿ,
ಗಂಗಾಧರಸ್ವಾಮಿ